ಮಾಳಿಗೆಯ ಮೇಲೆ ಮೆಕ್ಸಿಕೋ

ಇಂಡಿ ತಾಲೂಕಿನ ಸರ್ವೇಯರ್ ಬಸಂತರಾಯರು ಹದಿನೈದು ದಿನಗಳಿಂದ ದಾರಿ ಕಾಯುತ್ತಿದ್ದ ಪಾರ್ಸಲ್ಲು ಕೊನೆಗೂ ಬಂತು. ಆಗ ಹೊರ್ತಿಯ ತನ್ನ ನಿಂಬೆ ತೋಟದಿಂದ ಬಂದಿದ್ದ ಹೆಂಡತಿಯ ತಮ್ಮ ಶ್ರೀಶೈಲಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಜೋಡು ಬೂಟು ಹಿಡಿಸುವಷ್ಟು ದೊಡ್ಡ ಡಬ್ಬಿ. ಬಸಂತರಾಯರು ಎದ್ದು ನಿಂತು, "ಮೆಕ್ಸಿಕೋ ಮರುಭೂಮಿಯ ಕಳ್ಳಿ! ಒಂದಲ್ಲ, ಐದು!" ಎಂದು ಘೋಷಿಸಿ ಬಿಚ್ಚಿದರು. ಒಳಗೆ ಕಾಗದ. ಕಾಗದದೊಳಗೆ ಇನ್ನೊಂದು ಕಾಗದ. ಅದರೊಳಗೆ ಹತ್ತಿ. ಗಿಡ ಮಾತ್ರ ಎಲ್ಲೂ ಕಾಣಲಿಲ್ಲ. (ಕಾಣಬೇಕಾದರೆ ಚಾಳೀಸು ಕನ್ನಡಕ ಹಾಕಿಕೊಳ್ಳಬೇಕಿತ್ತು. ಚಾಳೀಸು ಹಾಕಿಕೊಂಡರೆ ವಯಸ್ಸಾಯಿತೆಂದು ಒಪ್ಪಿಕೊಂಡಂತೆ ಎಂಬುದು ಅವರ ಸಿದ್ಧಾಂತ.) ಮೋಸ ಹೋದೆನೆಂಬ ಸಿಟ್ಟಿನಲ್ಲಿ ಕಾಗದವನ್ನು ಜೋರಾಗಿ ಝಾಡಿಸಿದರು.

"ಅಕ್ಕಾ," ಎಂದ ಶ್ರೀಶೈಲಪ್ಪ, ಬಾಯಿಂದ ಏನನ್ನೋ ತೆಗೆದು ಬಸಿಯಲ್ಲಿ ಇಡುತ್ತ, "ಚಹಾದಾಗ ಅಂಗಿ ಗುಂಡಿ ಬಿದ್ದೈತಿ ನೋಡ."

ಅದು ಗುಂಡಿಯಲ್ಲ, ಎಪಿಥೆಲಾಂತಾ ಕುಲದ ಬೊಕೆಯಿ ಎಂಬ ಪ್ರಭೇದ. ಉಳಿದ ನಾಲ್ಕು ಪ್ರಭೇದಗಳಿಗಾಗಿ ಇಡೀ ಮನೆ ಜಮಖಾನೆಯ ಮೇಲೆ ಮೊಣಕಾಲೂರಿ ತೆವಳಬೇಕಾಯಿತು. ಅವುಗಳಲ್ಲಿ ಪ್ಯಾಕಿರೈಜಾ ಎಂಬುದು ಸಿಕ್ಕಿದ್ದು ಶ್ರೀಶೈಲಪ್ಪನ ಚಪ್ಪಲಿಯಲ್ಲಿ.

"ಮಾಮಾ, ಇದಕ್ಕ ನೀರು ಎಷ್ಟು ಬೇಕ್ರಿ?"

"ತಿಂಗಳಿಗೆ ಎಂಟು ಹನಿ."

"ಬೆಳಿಯೂದು?"

"ಹತ್ತು ವರ್ಷಕ್ಕ ರೂಪಾಯಿ ನಾಣ್ಯದಷ್ಟ."

"ಆಮ್ಯಾಲೆ?"

"ಆಮ್ಯಾಲೆ ಸ್ವಲ್ಪ ನಿಧಾನ ಆಗ್ತೈತಿ."

ನಿಂಬೆ ಬೆಳೆಗಾರ ಅಕ್ಕನ ಮುಖವನ್ನು ಬಹಳ ಕನಿಕರದಿಂದ ನೋಡಿ ಬಸ್ಸಿಗೆ ಹೊರಟುಹೋದ.

ಬಸಂತರಾಯರಿಗೆ ಇದೇ ಗಿಡ ಯಾಕೆ ಎಂದು ನೀವು ಕೇಳಬಹುದು. ಮೂವತ್ತು ವರ್ಷ ಊರವರ ಹೊಲ ಅಳೆದು ಅವರಿಗೆ ಒಂದು ಬೇಸರ ಬಂದಿತ್ತು. ಅವರು ಅಳೆದದ್ದು ಯಾರಿಗೂ ಸರಿ ಅನಿಸಿದ್ದಿಲ್ಲ. ಅಳೆದಷ್ಟೂ ಒಬ್ಬನಿಗೆ ಕಡಿಮೆ, ಇನ್ನೊಬ್ಬನಿಗೆ ಇನ್ನೂ ಕಡಿಮೆ. ಬೆರಳಿನ ಉಗುರಿನಷ್ಟೇ ಇದ್ದು, ಬಿಳಿ ಮುಳ್ಳನ್ನು ಮೈತುಂಬ ಹೊದ್ದು, ಒತ್ತುವರಿ ಮಾಡದೆ, ತಕರಾರಿಲ್ಲದೆ ಅಳೆಸಿಕೊಳ್ಳುವ ಜೀವಿ ಅವರಿಗೆ ಬೇಕಿತ್ತು.

ತಕರಾರು ಬಂದದ್ದು ಹೆಂಡತಿ ವಿದ್ಯಾವತಿಯಿಂದ. ಕಳ್ಳಿಗೆ ದಿನವಿಡೀ ಬಿಸಿಲು ಬೇಕು. ದಿನವಿಡೀ ಬಿಸಿಲು ಬೀಳುವುದು ಮಾಳಿಗೆಯ ಒಂದೇ ಮೂಲೆಗೆ. ಆ ಮೂಲೆ ಇಪ್ಪತ್ತೆರಡು ವರ್ಷಗಳಿಂದ ಸಂಡಿಗೆಯ ಸ್ವಾಧೀನದಲ್ಲಿತ್ತು.

"ಅಲ್ರಿ, ಐದು ಗುಂಡಿ ಸಲುವಾಗಿ ನಾ ಸಂಡಿಗಿ ಎಲ್ಲಿ ಒಣಗಿಸ್ಲಿ? ನಿಮ್ಮ ತಲಿ ಮ್ಯಾಲ?"

"ಬಿಸಿಲು ಎಲ್ಲಾರಿಗೂ ಸೇರಿದ್ದು, ವಿದ್ಯಾ."

"ಹಂಗಾರ ಓಣ್ಯಾಗ ಇಡ್ರಿ."

ಕೊನೆಗೆ ಕರಾರಾಯಿತು. ದಸರಾತನಕ ಎರಡೂ ಪಕ್ಷಗಳು ಮೂಲೆಯನ್ನು ಹಂಚಿಕೊಳ್ಳಬೇಕು. ದಸರೆಗೆ ಐದಕ್ಕೆ ಐದೂ ಕಳ್ಳಿ ಜೀವಂತವಾಗಿದ್ದರೆ ಮೂಲೆ ಕಾಯಂ ಬಸಂತರಾಯರದು. ಒಂದು ಕಡಿಮೆಯಾದರೂ ವಿದ್ಯಾವತಿಯದು.

"ಜೀವಂತ ಅದಾವೋ ಇಲ್ಲೋ ಹೇಳಾವ್ರು ಯಾರು?" ಎಂದು ಅವಳು ಕೇಳಿದ್ದು ನ್ಯಾಯವೇ ಆಗಿತ್ತು. ಅದಕ್ಕಾಗಿ ಸಿಂದಗಿಯ ಮೋದಿನಸಾಬರನ್ನು ಪಂಚರನ್ನಾಗಿ ಗೊತ್ತು ಮಾಡಲಾಯಿತು. ಅವರು ನಿವೃತ್ತ ವಿಜ್ಞಾನ ಮೇಷ್ಟ್ರು; ನಲವತ್ತು ವರ್ಷಗಳಿಂದ ಕಳ್ಳಿ ಸಾಕಿದವರು.

ಯುಗಾದಿಯ ಮುಂದೆ ವಿದ್ಯಾವತಿ ಸಾಬೂದಾಣಿ ಸಂಡಿಗೆ ಹಾಕಿದಳು. ಕುಂಡಗಳ ಪಕ್ಕದಲ್ಲೇ ಧೋತರ ಹಾಸಿ, ಜೀರಿಗೆ, ಒಣಮೆಣಸಿನ ಚೂರು ಬೆರೆಸಿದ ಹಿಟ್ಟನ್ನು ಚಮಚದಿಂದ ಸಾಲಾಗಿ ಬಿಟ್ಟಳು. ಮೂರನೆಯ ದಿನ ಮಧ್ಯಾಹ್ನ ಎಲ್ಲಿಂದಲೋ ಬಿರುಗಾಳಿ ಎದ್ದಿತು. ಬಸಂತರಾಯರು ಅಳತೆಯ ಸರಪಳಿ ಹಿಡಿದು ಯಾರದೋ ಹೊಲದಲ್ಲಿದ್ದರು. ಸಂಜೆ ಓಡೋಡಿ ಮಾಳಿಗೆ ಹತ್ತಿದರೆ ಐದೂ ಕುಂಡ ನೆಟ್ಟಗೆ ನಿಂತಿದ್ದವು. ಐದರಲ್ಲೂ ಬಿಳಿಯ ದುಂಡು ಜೀವಗಳು ಕೂತಿದ್ದವು.

"ಧೋತರದ ಮ್ಯಾಲ ಉಳ್ಳ್ಯಾಡಾಕತ್ತಿದ್ವು. ಆರಿಸಿ ಮತ್ತ ಕುಂಡ್ರಿಸೇನಿ," ಎಂದಳು ವಿದ್ಯಾವತಿ.

ಎದುರು ಪಕ್ಷದ ಈ ಔದಾರ್ಯಕ್ಕೆ ಬಸಂತರಾಯರ ಕಣ್ಣು ಒದ್ದೆಯಾಯಿತು. (ಚಾಳೀಸು ಕೆಳಗೆ ಕಪಾಟಿನಲ್ಲಿತ್ತು.)

ಪ್ರತಿ ಭಾನುವಾರ ಅವರು ಕಳ್ಳಿಗಳನ್ನು ಅಳೆದು ವಹಿಯಲ್ಲಿ ಬರೆಯುತ್ತಿದ್ದರು. ಮೈಕ್ರೊಮೆರಿಸ್: ಇದ್ದಂತೆ ಇದೆ. ಬೊಕೆಯಿ: ಇದ್ದಂತೆ ಇದೆ. ಪಾಲಿಸೆಫಲಾ, ಪ್ಯಾಕಿರೈಜಾ: ಸದರಿ. ಆದರೆ ಮಳೆಗಾಲ ಹಿಡಿದು, ಕುಂಡಗಳಿಗೆ ಮುಚ್ಚಿದ ಗಾಜಿನ ಹೊದಿಕೆಯ ಕೆಳಗೂ ಗಾಳಿ ಹಸಿಯಾದ ಮೇಲೆ ಗ್ರೆಗ್ಗಿ ಮಾತ್ರ ಒಂದೇ ವಾರದಲ್ಲಿ ಎರಡು ಮಿಲಿಮೀಟರ್ ಬೆಳೆಯಿತು! ಮರುವಾರ ಮೈಮೇಲೆ ಒಂದು ಕರಿ ಮುಳ್ಳು ಕಾಣಿಸಿತು. ಅದರಾಚೆ ಕೆಂಪಗೆ ಒಂದು ಹಣ್ಣು! ಈ ಕುಲದ ಹಣ್ಣು ಪುಟ್ಟ ಕೆಂಪು ಮೆಣಸಿನಕಾಯಿಯಂತಿರುತ್ತದೆ ಎಂದು ಅವರು ಓದಿದ್ದರು. ಇದು ಥೇಟ್ ಹಾಗೇ ಇತ್ತು. ಫೋಟೋ ಮಸುಕಾಗಿ ಬಂದರೂ ಸಿಂದಗಿಗೆ ಹೋಯಿತು. "ಖುದ್ದು ಬಂದು ನೋಡ್ತೇನಿ" ಎಂದು ಮೋದಿನಸಾಬರು ಉತ್ತರಿಸಿದರು.

ಬಸಂತರಾಯರ ನಡಿಗೆಯೇ ಬದಲಾಯಿತು. ಗಣಪತಿ ಹಬ್ಬದ ಊಟದಲ್ಲಿ ಒಂದು ಸಂಡಿಗೆ ಕಲ್ಲಿನಂತಿದ್ದಾಗ ಅವರಿಗೆ ಸುಮ್ಮನಿರಲಾಗಲಿಲ್ಲ.

"ಏನಿದು? ಅರಳೇ ಇಲ್ಲ. ಮ್ಯಾಲ ಕಹಿ ಬ್ಯಾರೆ."

"ಹಬ್ಬದ ದಿವಸ ಕ್ಯಾತಿ ತಗೀಬ್ಯಾಡ್ರಿ. ಸುಮ್ನ ತಿನ್ರಿ."

"ನೋಡ ವಿದ್ಯಾ, ಅದ ಮೂಲಿ, ಅದ ಬಿಸಿಲು. ನನ್ನ ಗ್ರೆಗ್ಗಿ ಅರಳತೈತಿ, ನಿನ್ನ ಸಂಡಿಗಿ ಅರಳೂದಿಲ್ಲ. ಕೈಗುಣ ಅನ್ನೂದು ಇರ್ತೈತಿ!" ಎಂದು ಮಜ್ಜಿಗೆಯ ಜೊತೆ ಅದನ್ನು ಕಷ್ಟಪಟ್ಟು ನುಂಗಿದರು.

ದಸರೆಯ ಹಿಂದಿನ ದಿನ ಮೋದಿನಸಾಬರು ಭೂತಗನ್ನಡಿ ಕಿಸೆಯಲ್ಲಿಟ್ಟುಕೊಂಡು ಬಂದರು. ಮಾಳಿಗೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕುಂಡ ನೋಡಿದರು. "ಇದು ಜೀವಂತ ಐತಿ. ಇದೂ ಐತಿ. ಭೇಷ್. ಇದೂ." ನಾಲ್ಕು ಮುಗಿದವು. ಬಸಂತರಾಯರು ಗ್ರೆಗ್ಗಿಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದರು.

ಮೋದಿನಸಾಬರು ಬಹಳ ಹೊತ್ತು ನೋಡಿದರು. ಗಾಜು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಮೂಗಿನ ಹತ್ತಿರ ತಂದು ಮೂಸಿದರು.

"ಬಸಂತರಾಯರ, ಜೀರಿಗಿ ವಾಸನಿ ಬರೂ ಕಳ್ಳಿ ನಾ ಇದ ಮೊದಲ ನೋಡೂದು. ಇದು ಯಾವ ಜಾತೀದ್ರಿ?"

ಚಹಾ ತಂದಿದ್ದ ವಿದ್ಯಾವತಿ ತಟ್ಟೆ ಕೆಳಗಿಟ್ಟು ಬಗ್ಗಿ ನೋಡಿದಳು.

"ಸಾಬೂದಾಣಿದ್ರಿ. ಯುಗಾದಿ ಮುಂದ ಹಾಕಿದ್ದು."

ಮೋದಿನಸಾಬರು ಮರ್ಯಾದಸ್ಥರು, ಆಕಾಶ ನೋಡುತ್ತ ಚಹಾ ಕುಡಿದರು. ಬಸಂತರಾಯರು ಕೊನೆಯ ಗಡಿಕಲ್ಲನ್ನು ತಬ್ಬಿ ನಿಂತವರಂತೆ ಕುಂಡ ಹಿಡಿದುಕೊಂಡೇ ಕೇಳಿದರು:

"ಹಂಗಾರ ನನ್ನ ಖರೇ ಗ್ರೆಗ್ಗಿ ಎಲ್ಲಿ ಹೋತು?"

ವಿದ್ಯಾವತಿ ಸ್ವಲ್ಪ ನೆನಪು ಮಾಡಿಕೊಂಡಳು.

"ಗಣಪತಿ ಹಬ್ಬದಾಗ ನೀವ ತಿಂದ್ರಲ್ರಿ," ಎಂದಳು. "ಅರಳಿಲ್ಲ ಅಂತ ಬೈದು."