ಅರ್ಧ ತಲೆನೋವಿನ ಫೋಟೋಗ್ರಾಫರ್

ತಲೆನೋವು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ನನ್ನದು ಮಾತ್ರ ಪ್ರತಿ ಸಲ ಒಂದು ಕಥೆಯನ್ನು ಜೊತೆಗೆ ಕರೆದುಕೊಂಡೇ ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಉಡುಪಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಬೆಳಕಿನಿಂದ ಹೊಟ್ಟೆ ಹೊರೆಯುವವನಿಗೆ ಬೆಳಕು ಕಂಡರಾಗದ ಕಾಯಿಲೆ. ವಾರಕ್ಕೊಮ್ಮೆಯಾದರೂ ಬಲಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯಲು ಶುರು ಮಾಡುತ್ತಿದ್ದರು. ಆಗ ನೋವು ನನಗೆ, ನಗು ಊರವರಿಗೆ. ಈಗ ನೆನೆದರೆ ನನಗೂ ನಗು ಬರುತ್ತದೆ.

ಉಳಿದರ್ಧ

ನನ್ನ ಅಣ್ಣನದು ಆದಿ ಉಡುಪಿಯಲ್ಲಿ ತರಕಾರಿ ಮಂಡಿ. ತಂದೆ ತೀರಿಹೋದ ಮೇಲೆ ಮನೆಯಲ್ಲಿ ಅವನದೇ ಮಾತು. ನಾನು ಕ್ಯಾಮೆರಾ ಹಿಡಿದದ್ದು ಅವನಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. "ಗುಂಡಿ ಒತ್ತುವುದೂ ಒಂದು ಕೆಲಸವಾ?" ಎಂದು ಕೇಳುತ್ತಿದ್ದ.

ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನು ಸ್ಟುಡಿಯೋಗೆ ಬಂದಾಗ ನಾನು ಅರ್ಧ ಬಾಗಿಲು ಹಾಕಿ, ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡು ಕೂತಿದ್ದೆ.

"ಎಂತ ಆಯ್ತು?"

"ಅರೆತಲೆನೋವು ಅಣ್ಣ."

"ಅಂದ್ರೆ ಅರ್ಧ ತಲೆಗೆ ಮಾತ್ರ ನೋವು, ಅಲ್ವಾ?"

"ಹೌದು."

"ಹಾಗಾದ್ರೆ ಉಳಿದರ್ಧ ಎಂತ ಮಾಡ್ತಾ ಉಂಟು?"

ನಾನು ಬೈರಾಸನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ. ಅಣ್ಣ ತೀರ್ಪು ಕೊಟ್ಟ. "ಮುಂದಿನ ಮಳೆಗಾಲದವರೆಗೆ ನೋಡುವ. ಸರಿಯಾಗದಿದ್ರೆ ಇದನ್ನು ಮುಚ್ಚಿ ಮಂಡಿಗೆ ಬಾ."

ನನಗೆ ನಿಜವಾಗಿ ಹೆದರಿಕೆಯಾಯಿತು. ಫೋಟೋ ತೆಗೆಯುವುದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ. "ಈ ತಲೆ ಇಟ್ಕೊಂಡು ಮಂಡಿಯಲ್ಲಿ ನಾನು ಎಂತ ಮಾಡ್ಲಿ?" ಎಂದೆ.

"ಹೆದರಬೇಡ ಮಾರಾಯ. ನಮ್ಮ ವ್ಯಾಪಾರಕ್ಕೆ ಅರ್ಧ ತಲೆ ಧಾರಾಳ ಸಾಕು."

ನಲವತ್ತೆಂಟು ಮಿಂಚು

ಅಣ್ಣ ಗಡುವು ಕೊಟ್ಟ ಮೇಲೆ ಸುಮ್ಮನೆ ಕೂರುವಂತಿರಲಿಲ್ಲ. ಮಣಿಪಾಲಕ್ಕೆ ಹೋಗಿ ತಲೆಯ ಡಾಕ್ಟರನ್ನು ಕಂಡೆ. ಅವರ ಸುತ್ತ ನಾಲ್ಕೈದು ವಿದ್ಯಾರ್ಥಿಗಳು ಪುಸ್ತಕ ಹಿಡಿದು ನಿಂತಿದ್ದರು.

"ನೋವು ಬರುವ ಮೊದಲು ಕಣ್ಣೆದುರು ಮಿಂಚು ಹೊಡೆದ ಹಾಗೆ ಆಗುವುದುಂಟಾ?" ಎಂದು ಡಾಕ್ಟರು ಕೇಳಿದರು.

"ಉಂಟು ಡಾಕ್ಟ್ರೆ."

"ಎಷ್ಟು ಸಲ?"

"ಉಪನಯನವಾದ್ರೆ ಇಪ್ಪತ್ತನಾಲ್ಕು. ಮದುವೆಯಾದ್ರೆ ನಲವತ್ತೆಂಟು."

ಡಾಕ್ಟರು ಪೆನ್ನು ಕೆಳಗಿಟ್ಟರು. ಒಬ್ಬ ವಿದ್ಯಾರ್ಥಿನಿ ಮಾತ್ರ ಬರೆದುಕೊಂಡೇ ಬಿಟ್ಟಳು.

"ನಿಮ್ಮ ಸ್ವಂತ ಮದುವೆಯಲ್ಲಿ?"

"ಹನ್ನೆರಡೇ. ಅವತ್ತು ಒಂದೇ ರೋಲ್ ಇದ್ದದ್ದು."

ಆಗ ನನಗೆ ಹೊಳೆಯಿತು, ನಾನು ಫೋಟೋಗ್ರಾಫರ್ ಎಂದು ಹೇಳಲು ಮರೆತಿದ್ದೆ. ಫ್ಲ್ಯಾಶಿನ ವಿಷಯ ತಿಳಿದ ಮೇಲೆ ಡಾಕ್ಟರು ಕನ್ನಡಕ ತೆಗೆದು ನಕ್ಕರು. ಮಾತ್ರೆ ಬರೆದುಕೊಟ್ಟು, ನೋವು ಯಾವ ದಿನ, ಎಷ್ಟು ಹೊತ್ತಿಗೆ ಬಂತು, ಅವತ್ತು ಏನೇನು ಮಾಡಿದ್ದೆ ಎಂಬುದನ್ನೆಲ್ಲ ಬರೆದಿಡಲು ಹೇಳಿದರು. ಬರೆದರೆ ಕಾರಣ ತಾನಾಗಿ ಸಿಗುತ್ತದಂತೆ. ನಾನು ಪುಸ್ತಕವನ್ನೇನೋ ತಂದೆ. ಆದರೆ ನೋವಿದ್ದಾಗ ಅಕ್ಷರ ಕಾಣುವುದಿಲ್ಲ, ನೋವಿಲ್ಲದಾಗ ಬರೆಯಲು ವಿಷಯ ಇರುವುದಿಲ್ಲ.

ಮದುಮಗಳಿಗೆ ಶೀತ

ಬಾಮ್ ನನ್ನ ಜೇಬು ಬಿಟ್ಟು ಇಳಿಯುತ್ತಿರಲಿಲ್ಲ. ಕಾಪುವಿನ ಒಂದು ಮದುವೆಯಲ್ಲಿ ಮುಹೂರ್ತಕ್ಕೆ ಮೊದಲೇ ಮೊಳೆ ಹೊಡೆಯುವವರು ಬಂದರು. ಹಣೆಗೆ ಬಾಮ್ ತಿಕ್ಕಿದೆ. ಅದೇ ಬೆರಳಿನಲ್ಲಿ, ಧೂಳು ಕೂತಿದೆ ಎಂದು ಲೆನ್ಸನ್ನೂ ಒರೆಸಿದೆ.

ಫೋಟೋ ತೊಳೆದು ನೋಡಿದರೆ ಮದುಮಗಳ ಸುತ್ತ ಇಡೀ ಮಂಟಪ ಮಂಜಿನಲ್ಲಿ ಮುಳುಗಿದೆ. ಇನ್ನು ನನ್ನ ಕಥೆ ಮುಗಿಯಿತು, ಮಂಡಿಯೇ ಗತಿ ಎಂದುಕೊಂಡು, ಬೈಗುಳ ತಿನ್ನಲು ತಯಾರಾಗಿ ಆಲ್ಬಮ್ ಹಿಡಿದು ಕಾಪುವಿನ ಬಸ್ ಹತ್ತಿದೆ.

ಮದುಮಗಳ ತಾಯಿ ಮೊದಲ ಪುಟ ತೆರೆದು ತುಂಬ ಹೊತ್ತು ನೋಡಿದರು. "ನಮ್ಮ ಹುಡುಗಿ ಮೋಡದ ಮೇಲೆ ಕೂತ ಹಾಗೆ ಕಾಣ್ತಾಳೆ, ಅಲ್ವಾ?" ಎಂದರು. ಮನೆಯವರೆಲ್ಲ ಹೌದು ಹೌದು ಎಂದರು. ಇದು ಹೊಸ ತರದ ಫೋಟೋ ಎಂದು ನಾನೂ ಧೈರ್ಯ ಮಾಡಿ ಹೇಳಿದೆ.

ಮನೆಯ ಅಜ್ಜಿಗೆ ಕಣ್ಣು ಮಂದ. ಅವರು ಫೋಟೋವನ್ನು ಮೂಗಿನವರೆಗೂ ತಂದು ನೋಡಿದರು. ಬಸ್ಸಿನಲ್ಲಿ ಹಣೆಗೆ ಬಾಮ್ ತಿಕ್ಕಿದ ಕೈಯಲ್ಲೇ ನಾನು ಆಲ್ಬಮ್ ಹಿಡಿದುಕೊಂಡು ಬಂದಿದ್ದೆ.

"ಚಂದ ಬಂದಿದೆ ಮಗ," ಎಂದರು ಅಜ್ಜಿ. "ಆದ್ರೆ ಹುಡುಗಿಗೆ ಅವತ್ತು ಶೀತ ಆಗಿತ್ತಾ?"

ಕತ್ತಲೆ ಕೋಣೆಯ ಮೆಷಿನ್

ನೋವು ಬಂದಾಗ ನನಗೆ ಇದ್ದ ಒಂದೇ ಸುಖವೆಂದರೆ ಫಿಲ್ಮ್ ತೊಳೆಯುವ ಕತ್ತಲೆ ಕೋಣೆ. ಹೊರಗೆ ಕೆಂಪು ದೀಪ ಹಾಕಿದರೆ ಯಾರೂ ಬಾಗಿಲು ತೆರೆಯುವಂತಿಲ್ಲ. ಒಳಗೆ ಚಾಪೆ ಹಾಕಿ ಮಲಗಿಬಿಡುತ್ತಿದ್ದೆ. ಒಂದು ಗಂಟೆ ನಿದ್ದೆ ಬಿದ್ದರೆ ತಲೆ ಮತ್ತೆ ನನ್ನದಾಗುತ್ತಿತ್ತು. ಗಂಟೆಗಟ್ಟಲೆ ಕೆಂಪು ದೀಪ ಉರಿಯುವುದನ್ನು ಕಂಡ ಜನ, ಪಾಪ ತುಂಬ ಕೆಲಸ ಎನ್ನುತ್ತಿದ್ದರು.

ಮಟ್ಟುವಿನ ಒಬ್ಬರು ಗಲ್ಫಿಗೆ ಹೊರಟವರು, ಪಾಸ್‌ಪೋರ್ಟ್ ಫೋಟೋಗೆಂದು ಬಂದು ಕೆಂಪು ದೀಪ ನೋಡಿ ಬೆಂಚಿನ ಮೇಲೆ ಕಾದು ಕೂತರಂತೆ. ನಾನು ಕಣ್ಣುಜ್ಜಿಕೊಂಡು ಹೊರಗೆ ಬಂದಾಗ ಅವರು ಕೇಳಿದರು.

"ಒಳಗೆ ಎಂತದು ಅಷ್ಟು ಶಬ್ದ?"

"ಅದು ಮೆಷಿನ್," ಎಂದೆ.

ಅವರು ಫೋಟೋ ತೆಗೆಸಿಕೊಂಡು ಹೋದರು. ಎರಡು ವರ್ಷದ ಮೇಲೆ ರಜೆಯಲ್ಲಿ ಬಂದಾಗ ನನ್ನನ್ನು ರಥಬೀದಿಯಲ್ಲಿ ಕಂಡು ಪಕ್ಕಕ್ಕೆ ಕರೆದರು. "ನಾನು ಅಲ್ಲಿ ದೊಡ್ಡ ದೊಡ್ಡ ಮೆಷಿನ್‌ಗಳ ಕೆಲಸ ಕಲಿತೆ. ನಿಮ್ಮದನ್ನು ಬೇಗ ಬಿಚ್ಚಿಸಿ ನೋಡಿಸಿ ಮಾರಾಯ್ರೆ. ಅದು ಉಸಿರು ಎಳೆದು ಬಿಡುವ ಶಬ್ದ ಒಳ್ಳೆಯದಲ್ಲ."

ತಲೆ ಹೋದವರು

ಡಾಕ್ಟರು ಬರೆದಿಡಿ ಎಂದದ್ದನ್ನು ನಾನು ಬರೆಯಲಿಲ್ಲವಲ್ಲ. ಆದರೆ ಅದು ಬೇರೊಂದು ಕಡೆ ತಾನಾಗಿ ದಾಖಲಾಗುತ್ತಿತ್ತು. ಕಂಡುಹಿಡಿದವಳು ನನ್ನ ಹೆಂಡತಿ.

ಅಣ್ಣ ಕೊಟ್ಟ ಗಡುವಿಗೆ ಎರಡು ತಿಂಗಳು ಉಳಿದಿತ್ತು. ಒಂದು ಮಧ್ಯಾಹ್ನ ಅವಳು ಹಳೆಯ ಫೋಟೋಗಳ ಪ್ರತಿಗಳನ್ನು ಮದುವೆ ಮದುವೆಗೆ ಬೇರೆ ಮಾಡಿ ನೆಲದ ಮೇಲೆ ಹರಡಿಕೊಂಡಿದ್ದಳು.

"ನೋಡಿ, ಧಾರೆ ಆಗುವವರೆಗೆ ಎಲ್ಲರಿಗೂ ತಲೆ ಉಂಟು," ಎಂದಳು. "ಆಮೇಲೆ ಒಬ್ಬರಿಗೂ ಇಲ್ಲ. ಈ ಮದುವೆಯಲ್ಲಿಯೂ ಹಾಗೆ, ಇದರಲ್ಲಿಯೂ ಹಾಗೆ."

ನಿಜ. ಮಧ್ಯಾಹ್ನದ ಮೇಲಿನ ಚಿತ್ರಗಳಲ್ಲಿ ಬರೀ ಸೀರೆ, ಶಾಲು, ಕುತ್ತಿಗೆ. ನೋವು ಬಂದಾಗ ಕಣ್ಣು ಮುಚ್ಚಿ ತೆಗೆದದ್ದು.

"ಪರ್ಕಳದ ಉಪನಯನದಲ್ಲಿ ಮಾತ್ರ ಕೊನೆಯವರೆಗೂ ಎಲ್ಲರಿಗೂ ತಲೆ ಉಂಟು. ಅವತ್ತು ಎಂತ ವಿಶೇಷ?"

ಯೋಚಿಸಿದೆ. "ಅವರು ಹತ್ತು ಗಂಟೆಗೆ ಕರೆದು ಇಡ್ಲಿ ಕೊಟ್ಟಿದ್ರು."

"ಬೇರೆ ಮದುವೆಗಳಲ್ಲಿ?"

"ಬೆಳಿಗ್ಗೆ ಒಂದು ಚಾ. ಊಟ ಕೊನೆಯ ಪಂಕ್ತಿಯಲ್ಲಿ. ಮೂರು ಗಂಟೆಯಾಗ್ತದೆ."

ಅವಳು ನನ್ನನ್ನು ನೋಡಿದ ರೀತಿಗೆ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಹಣೆಗೆ ಮದ್ದು ಹಚ್ಚಿದ್ದೆ, ಹೊಟ್ಟೆಯ ನೆನಪೇ ಆಗಿರಲಿಲ್ಲ.

"ಇನ್ನು ಮೊದಲ ಪಂಕ್ತಿಯಲ್ಲೇ ಕೂತ್ಕೊಳ್ಳಿ," ಎಂದಳು.

"ದಿಬ್ಬಣದವರ ಜೊತೆ ಫೋಟೋಗ್ರಾಫರ್ ಕೂತರೆ ಜನ ಎಂತ ಹೇಳ್ತಾರೆ?"

"ತಲೆ ತೆಗೆದದ್ದಕ್ಕೇ ಎಂತದೂ ಹೇಳಲಿಲ್ಲ. ಊಟಕ್ಕೆ ಹೇಳ್ತಾರಾ?"

ಮೊದಲ ಪಂಕ್ತಿ

ಮಳೆಗಾಲಕ್ಕೆ ಮೊದಲಿನ ಕೊನೆಯ ಮದುವೆ ಕಾರ್ಕಳದಲ್ಲಿ, ಅತ್ತಿಗೆಯ ತಂಗಿಯದ್ದು. ಅಣ್ಣ ಹಿರಿಯ ಅಳಿಯ, ಮದುವೆಯ ಓಡಾಟವೆಲ್ಲ ಅವನದೇ. "ಇವತ್ತು ಒಂದು ತಲೆ ಹೋದ್ರೂ ನಾಳೆಯಿಂದ ಮಂಡಿ," ಎಂದು ನನ್ನ ಕಿವಿಯಲ್ಲಿ ಹೇಳಿ ಹೋದ.

ಧಾರೆಯ ಫೋಟೋಗಳು ಮುಗಿದವು. ಬಲಗಣ್ಣಿನ ಹಿಂದೆ ಮೊಳೆಯವರು ಸುತ್ತಿಗೆ ಹುಡುಕುತ್ತಿದ್ದರು. ಮೊದಲ ಪಂಕ್ತಿಗೆ ಎಲೆ ಹಾಕಿದ್ದೇ ತಡ, ನಾಚಿಕೆ ಬಿಟ್ಟು ಕೊನೆಯ ಎಲೆಯಲ್ಲಿ ಕೂತೆ. ಪಕ್ಕದಲ್ಲಿ ಹುಡುಗನ ಸೋದರಮಾವ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು.

"ನೀವು ಹುಡುಗನ ಕಡೆಯವರೋ, ಹುಡುಗಿಯ ಕಡೆಯವರೋ?"

"ಕ್ಯಾಮೆರಾದ ಕಡೆಯವನು."

ಅಷ್ಟರಲ್ಲಿ ಅಣ್ಣ ಓಡಿ ಬಂದ. "ಬೀಗರು ಊಟಕ್ಕೆ ಕೂತ ಫೋಟೋ ಬೇಡ್ವಾ? ಏಳು."

"ಏಳುವುದಿಲ್ಲ. ಇದು ನನ್ನ ಮದ್ದು," ಎಂದೆ. ಅಣ್ಣನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವನ ಮುಖ ನೋಡದೆ ಎಲೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

ಬೀಗರ ಎದುರು ಜಗಳ ಮಾಡುವಂತಿಲ್ಲ. "ಗುಂಡಿ ಒತ್ತುವುದು ಎಂತ ದೊಡ್ಡ ಸಂಗತಿ," ಎಂದು ಅಣ್ಣ ತಾನೇ ಕ್ಯಾಮೆರಾ ಎತ್ತಿಕೊಂಡ. ಅದು ಮೇಲಿನಿಂದ ಬಗ್ಗಿ ನೋಡುವಂಥ ಪೆಟ್ಟಿಗೆ ಕ್ಯಾಮೆರಾ. ಅಣ್ಣ ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಗ್ಗಿದ. ಅವನ ಜೊತೆ ಕ್ಯಾಮೆರಾವೂ ಬಗ್ಗಿತು. ಬೀಗರೆಲ್ಲ ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಕೂತರು. ನಾನು ಮಾತ್ರ ಅಣ್ಣನೇ ಮಂಡಿಯಿಂದ ತರಿಸಿದ್ದ ಮಟ್ಟು ಗುಳ್ಳ ಬದನೆಯ ಹುಳಿಯಲ್ಲಿ ಮುಳುಗಿದ್ದೆ. ಫ್ಲ್ಯಾಶ್ ಹೊಡೆದದ್ದೂ ತಿಳಿಯಲಿಲ್ಲ.

ಅವತ್ತು ನೋವು ಬರಲೇ ಇಲ್ಲ. ಮಧ್ಯಾಹ್ನದ ಮೇಲೆ ನಾನು ತೆಗೆದ ಅಷ್ಟೂ ಫೋಟೋಗಳಲ್ಲಿ ಅಷ್ಟೂ ತಲೆಗಳು ಸರಿಯಾಗಿ ಬಂದವು. ಆಮೇಲೆಯೂ ಎರಡು ಮೂರು ತಿಂಗಳಿಗೊಮ್ಮೆ ಮೊಳೆಯವರು ಬಂದು ಮಾತಾಡಿಸಿ ಹೋದದ್ದುಂಟು, ಠಿಕಾಣಿ ಹೂಡಲಿಲ್ಲ.

ವಾರದ ಮೇಲೆ ಫೋಟೋ ನೋಡಲು ಅಣ್ಣ ಸ್ಟುಡಿಯೋಗೆ ಬಂದ. ಒಂದೊಂದಾಗಿ ನೋಡಿ, ಏನೂ ತಪ್ಪು ಸಿಗದೆ, "ಪರವಾಗಿಲ್ಲ," ಎಂದ. ನಾನು ಕೊನೆಯದಾಗಿ ಅವನು ತೆಗೆದ ಪಂಕ್ತಿಯ ಫೋಟೋ ಕೊಟ್ಟೆ. ಹನ್ನೆರಡು ಎಲೆ, ಇಪ್ಪತ್ತನಾಲ್ಕು ಮೊಣಕಾಲು. ಹುಡುಗನ ತಂದೆಗೆ ತಲೆಯಿಲ್ಲ, ಸೋದರಮಾವನಿಗೆ ತಲೆಯಿಲ್ಲ. ಊಟಕ್ಕೆ ಬಗ್ಗಿದ್ದ ನನ್ನ ತಲೆಯೊಂದೇ ಬಂದಿತ್ತು, ಅದೂ ಪೂರ್ತಿಯಾಗಿ.

ಅಣ್ಣ ಬೆಂಚಿನ ಮೇಲೆ ಕೂತು ಎರಡು ಕೈಯಲ್ಲೂ ಹಣೆ ಹಿಡಿದುಕೊಂಡ. "ಬೀಗರು ಈ ಫೋಟೋಗೇ ಕಾಯ್ತಾ ಇದ್ದಾರೆ. ದೊಡ್ಡದು ಮಾಡಿಸಿ ಚಾವಡಿಯಲ್ಲಿ ಹಾಕ್ತಾರಂತೆ."

ನಾನು ಜೇಬಿನಿಂದ ಬಾಮ್ ತೆಗೆದು ಅವನ ಮುಂದಿಟ್ಟೆ.

"ಎಷ್ಟುಂಟು ಅಣ್ಣ? ಅರ್ಧವಾ?"

"ಪೂರ್ತಿ ಮಾರಾಯ," ಎಂದ.