ಕೇಬಲ್ ಕಿತ್ರೂ ಕೆಡಾಕಿಲ್ಲ!

ತಮಿಳುನಾಡಿನ ಕೊಂಬೈಯಲ್ಲಿ ದ್ರಾಕ್ಷಿ ವ್ಯಾಪಾರ ಮಾಡುವ ನನಗೆ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಹುಚ್ಚು. ಮಗಳ ಮದುವೆಯ ವಿಡಿಯೋವನ್ನೆಲ್ಲ ಮಹಡಿಯ ಮೇಲಿನ ಸ್ಟೋರೇಜ್ ಡಿಸ್ಕಿನ ಪೆಟ್ಟಿಗೆಯಲ್ಲಿಟ್ಟು, ಹಾಲ್‌ವರೆಗೆ ನೆಟ್‌ವರ್ಕ್ ಕೇಬಲ್ ಎಳೆದಿದ್ದೆ. ಕೇಬಲ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ತಾನಾಗಿ ಪೆಟ್ಟಿಗೆಯನ್ನು ಸೇರಿಕೊಳ್ಳಬೇಕು, ಕಿತ್ತ ಕೂಡಲೇ ತಾನಾಗಿ ಬಿಡಬೇಕು. ಅದಕ್ಕೆ ನಾನೇ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದೆ. ಸೇರುವುದನ್ನು ಪರೀಕ್ಷಿಸಿದೆ. ಬಿಡುವುದನ್ನು ಪರೀಕ್ಷಿಸುವುದೇನು ಬಂತು!

ದಿಂಡಿಗಲ್‌ನಿಂದ ಬೀಗರು, ಬೀಗಿತ್ತಿ, ನನ್ನ ಮಗಳ ಸಮೇತ, ಮೊದಲ ಸಲ ಊಟಕ್ಕೆ ಬಂದರು. ಊಟವಾದ ಮೇಲೆ, ಲ್ಯಾಪ್‌ಟಾಪಿಗೆ ಜೋಡಿಸಿದ ದೊಡ್ಡ ಟೀವಿಯಲ್ಲಿ ಮದುವೆಯ ವಿಡಿಯೋ ಶುರುವಾಯಿತು.

"ಬಲು ಚೆಂದಾಗೈತೆ, ಸಂಬಂಧಿ," ಎಂದರು ಬೀಗರು.

ಅಲ್ಲಿಗೆ ಸುಮ್ಮನಿರಬಹುದಿತ್ತು.

"ಇದೇನ್ ಮಹಾ? ಕೇಬಲ್ ಕಿತ್ರೂ ಕೆಡಾಕಿಲ್ಲ, ನೋಡಿ!" ಎಂದು ಕಿತ್ತೇಬಿಟ್ಟೆ.

ಚಿತ್ರ ನಿಂತಿತು. ಎಲ್ಲಿ? ಬೀಗಿತ್ತಿ ಅಡುಗೆಯವನ ಮೇಲೆ ರೇಗುತ್ತ ಬಾಯಿ ತೆರೆದಲ್ಲಿ! ಹಲ್ಲು, ನಾಲಿಗೆ, ಎತ್ತಿದ ಸೌಟು, ಎಲ್ಲವೂ ಗೋಡೆಯಗಲ.

ತಪ್ಪು ಆಗ ಹೊಳೆಯಿತು. ಬಿಡುವ ಮುಂಚೆ ಲ್ಯಾಪ್‌ಟಾಪ್ ಮಹಡಿಯ ಪೆಟ್ಟಿಗೆಗೆ ಒಂದು ಮಾತು ಹೇಳಬೇಕು. ಹೇಳಲು ಕೇಬಲ್ ಬೇಕು. ಕೇಬಲ್ ನನ್ನ ಕೈಯಲ್ಲಿತ್ತು.

ಗಾಬರಿಯಿಂದ ಮತ್ತೆ ಸಿಕ್ಕಿಸಿದೆ. ಬಿಡುವ ಕೆಲಸ ಮುಗಿಯುವ ಮೊದಲೇ ಸೇರುವ ಕೆಲಸ ಶುರುವಾಯಿತು. "ನೀವು ಮೊದಲು ಕೂತ್ಕಳಿ", "ಇಲ್ಲ, ನೀವು ಮೊದಲು" ಎನ್ನುವ ನೆಂಟರಂತೆ ಎರಡೂ ನಿಂತುಬಿಟ್ಟವು. ಆಫ್ ಮಾಡಲು ಆಜ್ಞೆ ಕೊಟ್ಟೆ. ಬಾಕಿ ಕೆಲಸ ಮುಗಿಯದೆ ಲ್ಯಾಪ್‌ಟಾಪ್ ಆಫ್ ಆಗಲು ಒಪ್ಪಲಿಲ್ಲ.

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಕೊನೆಗೆ ಬೀಗಿತ್ತಿ ಕೇಳಿದರು:

"ಏನ್ ಸಂಬಂಧಿ, ನನ್ ಬಾಯಿ ಯಾವಾಗ ಮುಚ್ಚುಸ್ತೀರಿ?"

"ಒಂದ್ ನಿಮ್ಷ, ಅಮ್ಮಾ..."

"ಪೋದುಂ, ಸಾಕು! ಏಳಿ ಅತ್ಲಾಗೆ!" ಎಂದು ನನ್ನ ಹೆಂಡತಿ ಟೀವಿಯ ಪ್ಲಗ್ಗನ್ನೇ ಕಿತ್ತಳು. ಆ ದಿನ ನಮ್ಮ ಮನೆಯಲ್ಲಿ ಸರಿಯಾಗಿ ಕಿತ್ತದ್ದು ಅದೊಂದೇ.

ಹೊರಡುವಾಗ ಬೀಗಿತ್ತಿ ನನ್ನ ಹೆಂಡತಿಗೆ ಮಾತ್ರ ಹೇಳಿ ಹೋದರು. ನಾನು ರಾತ್ರಿ ಊಟ ಬಿಟ್ಟೆ. ಯಾರೂ ಬಲವಂತ ಮಾಡಲಿಲ್ಲ.

ಕೆಲವು ವಾರಗಳ ನಂತರ ನಾವು ದಿಂಡಿಗಲ್‌ಗೆ ಹೋದೆವು. ಅವರೂ ಮದುವೆಯ ವಿಡಿಯೋ ಹಾಕಲು ಸಿದ್ಧರಾದರು. ನಾನು ಟೀವಿಯ ಹತ್ತಿರದ ಕುರ್ಚಿಯತ್ತ ಹೊರಟಿದ್ದೆ. ಬೀಗರು ಬಹಳ ಮರ್ಯಾದೆಯಿಂದ ನನ್ನ ತೋಳು ಹಿಡಿದು, "ಬನ್ನಿ ಸಂಬಂಧಿ, ನುಗ್ಗೆ ತೋಟ ನೋಡೋವ್ರಂತೆ," ಎಂದು ಕರೆದೊಯ್ದರು.

ತೋಟ ಚೆನ್ನಾಗಿತ್ತು. ಮನೆಯೊಳಗೆ ಎಲ್ಲರೂ ನಗುವುದು ಅಲ್ಲಿಯವರೆಗೂ ಕೇಳುತ್ತಿತ್ತು.