ನೆಗಡಿಗೆ ಮಂಡಕ್ಕಿ ಭಟ್ಟಿಯ ಮರಳು

ಮಗುವಿನ ಸೀನನ್ನು ನಾಲ್ಕು ಮನೆ ಆಚೆಯಿಂದ ಕೇಳಿ, ಅದು ಯಾರ ಮನೆಯ ಮಗು, ಹಿಂದಿನ ದಿನ ಕದ್ದು ತಿಂದದ್ದು ಪೇರಲಹಣ್ಣೋ ಸೌತೆಕಾಯಿಯೋ ಎಂದು ಹೇಳಬಲ್ಲವರು ಇಡೀ ದಾವಣಗೆರೆಯಲ್ಲಿ ಒಬ್ಬರೇ ಇದ್ದರು. ಅಂಥವರು ಊರಿಗೊಬ್ಬರು ಇರಲಿ, ಬೇಡವೆನ್ನುವುದಿಲ್ಲ. ಆದರೆ ಅವರು ನನ್ನ ಮಾವನವರೇ ಆಗಬೇಕಿತ್ತೆ?

ಮಾವನವರದು ಹತ್ತಿ ಮಂಡಿ. ಹತ್ತಿ ತುಂಬಿದ ಅಂಡಿಗೆಯೊಳಗೆ ಕೈ ಹಾಕಿ ಒಂದು ಚಿಟಿಕೆ ಎಳೆದು, ಇದಕ್ಕೆ ತೂಕ ಬರಲೆಂದು ನೀರು ಚಿಮುಕಿಸಿದ್ದಾರೆ ಎಂದು ಥಟ್ಟನೆ ಹೇಳುತ್ತಿದ್ದರು. ಅದೇ ಬೆರಳುಗಳಿಂದ ದಿನಾ ಬೆಳಿಗ್ಗೆ ಗಿರಣಿ ಕೂಗಿದ ಕೂಡಲೇ ಮನೆಯ ಮಕ್ಕಳ ಮೂಗಿನ ಪರೀಕ್ಷೆ. ನನ್ನ ಮಗಳು, ಮೈದುನನ ಮಕ್ಕಳು, ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಬೇಕು. ಮೂಗು ಒಣಗಿದ್ದರೆ ನೆತ್ತಿಗೆ ವಿಭೂತಿ ತಿಕ್ಕಿ ಬಿಡುಗಡೆ. ಒದ್ದೆಯಾಗಿದ್ದರೆ ಬಜೆ ತೇಯು, ದೊಡ್ಡಪತ್ರೆ ಬಾಡಿಸು, ಸಾಂಬ್ರಾಣಿ ಹಾಕು! ಇವೆಲ್ಲ ಮಾಡುವವರು ಯಾರು? ನಾನು. ಒಲೆಯ ಮೇಲೆ ಸಾರು ಕುದಿಯುತ್ತಿದೆಯೋ ಕಷಾಯ ಕುದಿಯುತ್ತಿದೆಯೋ ಎನ್ನುವುದು ನನಗೇ ಮರೆತುಹೋಗಿ, ಒಂದು ದಿನ ನನ್ನ ಯಜಮಾನರು ಕಷಾಯವನ್ನೇ ಅನ್ನಕ್ಕೆ ಕಲಸಿಕೊಂಡು ಉಂಡೆದ್ದರು. ಆ ಮನೆಯಲ್ಲಿ ಹುಟ್ಟಿದವರಿಗೆ ನಾಲಿಗೆ ಎಂದೋ ಸತ್ತಿತ್ತು.

ಗಾಳಿ ಕಿವಿಯಿಂದಲೂ ಒಳಗೆ ಹೋಗುತ್ತದೆ ಎನ್ನುವುದು ಮಾವನವರ ಇನ್ನೊಂದು ಸಿದ್ಧಾಂತ. ಮನೆಯಲ್ಲಿ ಹತ್ತಿಗೇನು ಬರ? ಶ್ರಾವಣ ಹಿಡಿಯಿತೆಂದರೆ ಮಕ್ಕಳ ಕಿವಿಗೆಲ್ಲ ಹತ್ತಿ ಗಿಡಿಯುತ್ತಿದ್ದರು. ಊಟಕ್ಕೆ ಬನ್ನಿ ಎಂದು ನಾನು ಅಂಗಳದಲ್ಲಿ ನಿಂತು ಗಂಟಲು ಹರಿದುಕೊಂಡರೆ ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದರು, ನಮ್ಮ ಮಕ್ಕಳನ್ನು ಬಿಟ್ಟು. ಶಾಲೆಯ ಮೇಷ್ಟ್ರು ಒಮ್ಮೆ ಹೇಳಿಕಳಿಸಿದರು, ನಿಮ್ಮ ಮನೆಯ ಮಕ್ಕಳಿಗೆಲ್ಲ ಕಿವುಡು ಇದ್ದ ಹಾಗಿದೆ, ವಂಶದಲ್ಲಿ ಯಾರಿಗಾದರೂ ಉಂಟೇ ಎಂದು! ಮಾವನವರು ಬೇಸರಪಡಲಿಲ್ಲ. ಮೇಷ್ಟ್ರಿಗೂ ಒಂದು ಹಿಡಿ ಹತ್ತಿ ಕಟ್ಟಿ ಕಳಿಸಿದರು.

ನನಗೆ ಸಾಕುಸಾಕಾಗಿ, ಊರಿಗೆ ಹೊಸದಾಗಿ ಬಂದ ಡಾಕ್ಟರ ಹತ್ತಿರ ಮಗಳನ್ನು ಕರೆದುಕೊಂಡು ಹೋದೆ. ಮಾವನವರೂ ಹಿಂದೆಯೇ ಬಂದರು. ಡಾಕ್ಟರು ಮಗುವಿನ ಎದೆ, ಗಂಟಲು ನೋಡಿ, ಮೊದಲು ಕಿವಿಯ ಹತ್ತಿ ತೆಗೆದರು. ಇದು ಬರೀ ನೆಗಡಿ, ಮಕ್ಕಳಿಗೆ ಬರುತ್ತದೆ, ತಾನಾಗಿ ಹೋಗುತ್ತದೆ, ಬಿಸಿಬಿಸಿ ಏನಾದರೂ ಕುಡಿಸಿ, ಮಲಗಲು ಬಿಡಿ ಎಂದರು. ಉಸಿರು ಜೋರಾದರೆ, ಪಕ್ಕೆ ಒಳಗೆ ಸೆಳೆದರೆ, ಕುಡಿಯುವುದನ್ನು ಬಿಟ್ಟರೆ ಆಗ ಯಾವ ಹೊತ್ತಾದರೂ ಸರಿ, ತಡಮಾಡದೆ ಬನ್ನಿ ಎಂದೂ ಹೇಳಿದರು. ನನ್ನ ಕಿವಿಗೆ ಅಮೃತ ಸುರಿದಂತಾಯಿತು. ಮಾವನವರು ಇಂಜೆಕ್ಷನ್ ಕೇಳಿದರು, ಬೇಡವಂತೆ. ಬಾಟಲಿಯ ಔಷಧ ಕೇಳಿದರು; ಅದೂ ಬೇಡವಂತೆ. ಮಾವನವರು ಎದ್ದೇಬಿಟ್ಟರು.

"ಅದು ಹೋಗ್ತೈತೆ ಅಂತ ನನಗೂ ಗೊತ್ತೈತೆ ಕಣವ್ವ," ಎಂದರು ದಾರಿಯಲ್ಲಿ. "ಹೋಗೋ ತನಕ ನಾವೇನು ಮಾಡ್ಬೇಕು? ಮೂಗು ಕಟ್ಟಿದ ಕೂಸಿನ ಮುಂದೆ ಸುಮ್ನೆ ಕುಂತು ನೋಡ್ಬೇಕಾ? ಅದಕ್ಕೇನಾದ್ರೂ ಔಷಧ ಐತಾ ಅವರತ್ರ?"

ಮರುದಿನ ಕಿವಿಗೆ ಮತ್ತೆ ಹತ್ತಿ ಬಂತು.

ಯಾವುದಕ್ಕೂ ನೆಗಡಿ ಜಗ್ಗದಿದ್ದರೆ ಕೊನೆಯ ಅಸ್ತ್ರ ಒಂದಿತ್ತು: ಮಂಡಕ್ಕಿ ಭಟ್ಟಿಯ ಮರಳು. ನಮ್ಮೂರ ಭಟ್ಟಿಗಳಲ್ಲಿ ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುತ್ತಾರಲ್ಲ, ಆ ಮರಳು. ಆ ಬೆಂಕಿಯ ಪಕ್ಕದಲ್ಲಿ ಬೆಳೆಯುವ ಭಟ್ಟಿಯವರ ಮಕ್ಕಳ ಮೂಗು ಸೋರಿದ್ದನ್ನು ಮಾವನವರು ಎಂದೂ ಕಂಡಿರಲಿಲ್ಲವಂತೆ. ನಾನು ಕಂಡಿದ್ದೆ, ಹೊಳೆಯ ಹಾಗೆ ಸೋರುತ್ತಿತ್ತು. ಹೇಳುವ ಧೈರ್ಯ ಯಾರಿಗಿದೆ? ರುಮಾಲು ಸುತ್ತಿದ ಮಂಡಿ ಸಾವ್ಕಾರರು ಮಣ್ಣಿನ ಮಡಕೆಯಲ್ಲಿ ಬಿಸಿಮರಳು ತುಂಬಿಸಿಕೊಂಡು, ಕಂಬಳಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಬೀದಿಯಲ್ಲಿ ಬರುತ್ತಿದ್ದರು. ನಾನು ನಾಚಿಕೆಯಿಂದ ಬಾಗಿಲ ಹಿಂದೆ ಸರಿಯುತ್ತಿದ್ದೆ. ಮರಳನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ತಮ್ಮ ಕೆನ್ನೆಗೆ ಒತ್ತಿಕೊಂಡು ಬಿಸಿ ನೋಡಿ, ಆಮೇಲೆ ಮಗುವಿನ ಎದೆಗೆ, ಬೆನ್ನಿಗೆ ಇಡುತ್ತಿದ್ದರು. ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದರೆ ಸೊಸೆಯನ್ನು ಬೈಯುವ ಮಾವಂದಿರನ್ನು ಕೇಳಿದ್ದೇನೆ. ನಮ್ಮಲ್ಲಿ ಮಾವನವರೇ ಮಡಕೆಗಟ್ಟಲೆ ಮರಳು ಹೊತ್ತು ತರುತ್ತಿದ್ದರು! ಹಾಸಿಗೆಯಲ್ಲಿ ಮರಳು, ತಲೆದಿಂಬಿನಲ್ಲಿ ಮರಳು, ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಯಿತು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾರದ್ದು ಹರಿಹರದ ವಿಷಯ.

ಹರಿಹರ ನನ್ನ ತವರು. ದಾವಣಗೆರೆಯಲ್ಲಿ ರೈಲು ಹತ್ತಿ ಎಲೆಅಡಿಕೆ ಹಾಕಿಕೊಂಡರೆ, ಅದನ್ನು ಉಗುಳುವುದರೊಳಗೆ ಹರಿಹರ. ಆದರೆ ಅಲ್ಲಿ ನಮ್ಮ ಮನೆ ಹೊಳೆಯ ದಂಡೆಗಿತ್ತು. ಹೊಳೆಯೆಂದರೆ ಗಾಳಿ, ಗಾಳಿಯೆಂದರೆ ನೆತ್ತಿ, ನೆತ್ತಿಯೆಂದರೆ ನೆಗಡಿ! ಮಗುವಿಗೆ ನೆಗಡಿ ಇದ್ದರೆ ಹರಿಹರಕ್ಕೆ ಕಳಿಸುವಂತಿಲ್ಲ. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ಪಂಚಮಿಗೆ. ಪಂಚಮಿ ಬರುವುದು ಶ್ರಾವಣದ ಜಡಿಮಳೆಯಲ್ಲಿ. ಆ ಜಡಿಯಲ್ಲಿ ಯಾವ ಮಗುವಿನ ಮೂಗು ಒಣಗಿರುತ್ತದೆ, ನೀವೇ ಹೇಳಿ! ಮಗಳು ಹುಟ್ಟಿದ ಮೇಲೆ ಮೊದಲ ವರ್ಷ ನನ್ನ ಅಣ್ಣ ಕರೆಯಲು ಬಂದು ಉಂಡಿ ತಿಂದು ಒಬ್ಬನೇ ಹೋದ. ಮರುವರ್ಷ ಬಂದಾಗ ಮಗಳ ಮೂಗು ಅದೃಷ್ಟಕ್ಕೆ ಒಣಗಿತ್ತು, ನಾನು ಸೀರೆ ಮಡಚಿಟ್ಟಿದ್ದೆ, ಅಣ್ಣ ಹೊಸ್ತಿಲ ಮೇಲೆ ನಿಂತು ತಾನೇ ಸೀನಿದ! ಮಾವನವರು ಅವನನ್ನು ಕಂಬಳಿಯೊಳಗೆ ಕೂರಿಸಿ ಹಬೆ ಹಿಡಿಸಿ, ಬೆವರಿಳಿಸಿ, ಬಂದ ದಾರಿಯಲ್ಲೇ ಸಾಗಹಾಕಿದರು. ಅವ್ವ ಮೊಮ್ಮಗಳು ನಡೆಯುವುದನ್ನೇ ಇನ್ನೂ ನೋಡಿರಲಿಲ್ಲ. ನಾನು ಮಡಚಿಟ್ಟ ಸೀರೆಯನ್ನು ಬಿಚ್ಚಲಾರದೆ ಅದರ ಮೇಲೇ ತಲೆಯಿಟ್ಟು ಅತ್ತೆ.

ಮೂರನೆಯ ವರ್ಷ ಅಣ್ಣ ಬಂದಾಗ ಅವನ ಮುಖ ಬಾಡಿತ್ತು. ಅವ್ವನಿಗೆ ಉಬ್ಬಸ ಹೆಚ್ಚಾಗಿದೆ, ಮಲಗಲು ಆಗುವುದಿಲ್ಲ, ಗೋಡೆಗೊರಗಿ ಕೂತೇ ಇರುತ್ತಾಳೆ, ಡಾಕ್ಟರು ಬಂದು ಹೋಗುತ್ತಿದ್ದಾರೆ, ಮೊಮ್ಮಗಳನ್ನು ಕೇಳುತ್ತಿದ್ದಾಳೆ ಎಂದ. ಮಗಳು ಆಗ ಮಾವನವರ ತೊಡೆಯ ಮೇಲೆ ಮಲಗಿದ್ದಳು, ಎದೆಯ ಮೇಲೆ ಬಿಸಿಮರಳಿನ ಗಂಟು. ಮಾವನವರು ಅವಳ ಮೂಗು ನೋಡಿದರು.

"ಕೂಸಿನ ನೆಗಡಿ ಇಳೀಲಿ. ಆಮೇಲೆ ಹೋಗೀರಂತೆ," ಎಂದರು.

ನೆಗಡಿ ಇಳಿಯುವ ತನಕ ನನ್ನ ಅವ್ವನ ಉಸಿರು ಕಾಯುತ್ತದೆಯೇ? ಆ ಕ್ಷಣ ಮಾವನವರನ್ನು ಕಂಡರೆ ಆಗಲಿಲ್ಲ, ನಿಜವಾಗಿ ಆಗಲಿಲ್ಲ. ಅಷ್ಟರಲ್ಲಿ ಮಗಳು ಮಲಗಿದಲ್ಲಿಂದಲೇ ಕೇಳಿದಳು.

"ಅಜ್ಜಾ, ಹರಿಹರದಜ್ಜಿಗೆ ಬಿಸಿಮರಳು ಯಾರು ಇಡ್ತಾರ?"

ಮಾವನವರು ಅವಳ ಎದೆಯ ಮೇಲಿನ ಗಂಟನ್ನು ಮುಟ್ಟಿ ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ನಿಮ್ಮ ಓಣ್ಯಾಗೆ ಮಂಡಕ್ಕಿ ಭಟ್ಟಿ ಐತೇನಪ್ಪ?" ಎಂದರು. ಅಣ್ಣ ಗಾಬರಿಯಾಗಿ ಇಲ್ರಿ ಎಂದ. ಮಾವನವರು ಮಗುವನ್ನು ನನ್ನ ಕೈಗೆ ಕೊಟ್ಟು, ಮಡಕೆ ತೆಗೆದುಕೊಂಡು ಮಳೆಯಲ್ಲೇ ಹೊರಟರು. ಹೋಗುತ್ತ ನನ್ನ ಮುಖ ನೋಡದೆ ಹೇಳಿದರು: "ಸೀರೆ ಮಡಚಿಕೋ. ಮರಳು ಆರೋದ್ರೊಳಗೆ ರೈಲು ಹಿಡೀಬೇಕು."

ರೈಲಿನಲ್ಲಿ ಮಡಕೆ ಮಾವನವರ ತೊಡೆಯ ಮೇಲೆ, ಅದರ ಮೇಲೆ ಕಂಬಳಿ. ಹುರಿದ ವಾಸನೆಗೆ ಪಕ್ಕದವನೊಬ್ಬ ಮಂಡಕ್ಕಿ ಸೇರಿಗೆ ಹೆಂಗೆ ಕೊಡ್ತೀರಿ ಎಂದು ಕೇಳಿಯೂ ಬಿಟ್ಟ. ಬೇರೆ ದಿನವಾಗಿದ್ದರೆ ನಾನು ನಾಚಿಕೆಯಿಂದ ಹಿಡಿಯಾಗುತ್ತಿದ್ದೆ. ಅಂದು ಮಡಕೆಯ ಮೇಲೆ ಕೈಯಿಟ್ಟು, ಬಿಸಿ ಇದೆಯೇ ಎಂದು ಮತ್ತೆಮತ್ತೆ ನೋಡಿದವಳು ನಾನೇ.

ಅವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಬೀಗರನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಹೋದಳು, ಕೈ ಏಳಲಿಲ್ಲ. ಮೊಮ್ಮಗಳನ್ನು ನೋಡಿ ತುಟಿ ಆಡಿಸಿದಳು, ಮಾತು ಹೊರಡಲಿಲ್ಲ. ಕಡೆಗೆ ಬಂದ ಮಾತು ಒಂದೇ, "ಗಾಳಿ." ಹೊಳೆಯ ಕಡೆಯ ಕಿಟಕಿ ಮುಚ್ಚಿತ್ತು. ಮಗುವಿಗೆ ನೆಗಡಿ, ಎದುರಿಗೆ ಮಾವನವರು! ಅಣ್ಣ ಅತ್ತ ಹೋಗಲಾರದೆ ಇತ್ತ ನಿಲ್ಲಲಾರದೆ ಒದ್ದಾಡಿದ.

ಕಿಟಕಿ ತೆರೆದವರು ಮಾವನವರು. ಅಗಳಿ ಎಳೆದು ಎರಡೂ ಕದ ಹಾರುಹೊಡೆದು ತೆರೆದರು. ಹೊಳೆಯ ಗಾಳಿ ಒಮ್ಮೆಗೇ ನುಗ್ಗಿತು, ಮಗಳು ಗಟ್ಟಿಯಾಗಿ ಸೀನಿದಳು. ಮಾವನವರು ರುಮಾಲು ಬಿಚ್ಚಿ ಅವಳ ತಲೆಗೆ ಸುತ್ತಿದರು, ಶಲ್ಯದಲ್ಲಿ ಮರಳು ಗಂಟು ಕಟ್ಟಿದರು, ತಮ್ಮ ಕೆನ್ನೆಗೆ ಒತ್ತಿ ನೋಡಿ ನನಗೆ ಕೊಟ್ಟರು.

"ನಿಮ್ಮವ್ವನ ಬೆನ್ನಿಗಿಡವ್ವ. ಕೂಸು ನನ್ನತ್ರ ಇರ್ಲಿ."

ಅವ್ವನಿಗೆ ಕಾಣುವಂತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿಟಕಿಗೆ ಬೆನ್ನು ಕೊಟ್ಟು ಕೂತರು. ಅವರ ಬೋಳು ನೆತ್ತಿಯನ್ನು ನಾನು ನೋಡಿದ್ದು ಅಂದೇ ಮೊದಲು. ಹರಿಹರದ ಗಾಳಿಯೆಲ್ಲ ಅದರ ಮೇಲೆ ಬೀಸುತ್ತಿತ್ತು. ಸಂಜೆಯ ತನಕ ಅವರು ಅಲುಗಲಿಲ್ಲ. ಅವ್ವನ ಉಸಿರು ಸ್ವಲ್ಪ ಸಡಿಲವಾಯಿತು, ಡಾಕ್ಟರ ಔಷಧದಿಂದಲೋ, ಗಾಳಿಯಿಂದಲೋ, ಮರಳಿನಿಂದಲೋ, ನನಗೆ ಗೊತ್ತಿಲ್ಲ. ಅಷ್ಟು ಹೊತ್ತೂ ಅವಳು ಮೊಮ್ಮಗಳನ್ನೇ ನೋಡುತ್ತಿದ್ದಳು. ಸುಮ್ಮನೆ ಕುಂತು ನೋಡುವುದಕ್ಕೆ ಔಷಧ ಏನೆಂದು ಮಾವನವರು ಅಂದು ಕೇಳಿದ್ದರಲ್ಲ, ಆ ಮಾತು ಅವ್ವನ ಬೆನ್ನಿನ ಮೇಲೆ ಕೈಯಿಟ್ಟಾಗ ನನಗೆ ತಿಳಿಯಿತು.

ಅವ್ವ ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಪಂಚಮಿ ಮುಗಿಸಿ ಊರಿಗೆ ಬಂದೆವು. ಮಗಳ ನೆಗಡಿ ತಾನಾಗಿ ಹೋಗಿತ್ತು. ಮಾವನವರು ಮೂಗು ಕಟ್ಟಿ, ದನಿ ಬಿದ್ದು, ಹಾಸಿಗೆ ಹಿಡಿದಿದ್ದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಭಟ್ಟಿಗೆ ಹೋದೆ. ಕಂಬಳಿ ಸುತ್ತಿದ ಮಡಕೆಯನ್ನು ಎದೆಗವಚಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ನಡುಬೀದಿಯಲ್ಲಿ ಬಂದೆ. ಗಂಟು ಕಟ್ಟಿ, ಮೊದಲು ನನ್ನ ಕೆನ್ನೆಗೆ ಒತ್ತಿ ನೋಡಿಕೊಂಡೆ.